ಪೈಪಿನ ಸದ್ದಿಗೆ ಕುಣಿಸಿದ ಪಟ್ಟದ ಹೋರಿ

ನನ್ನ ಹೆಸರು ತಿಲಗವತಿ, ವಯಸ್ಸು 44, ಗಂಡನ ಹೆಸರು ಪಿಚ್ಚೈ, ಕಸುಬು ದ್ರಾಕ್ಷಿ ಬೇಸಾಯ, ವಾಸ ತೇನಿ ಜಿಲ್ಲೆ, ಉತ್ತಮಪಾಳಯಂ ತಾಲೂಕು, ಕಂಬಂ. ಗಂಡನ ಹೆಸರನ್ನು ಈವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಬರೆದುಕೊಳ್ಳುವವರು ಕೇಳಿದ್ದರಿಂದ ಹೇಳಿದ್ದೇನೆ. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಊರಾಚೆ ಕಾಲುವೆ ದಾರಿಯಲ್ಲಿ, ತಮಿಳು ಬೆರೆತ ಕನ್ನಡ ಮನೆಮಾತಿನ ನಮ್ಮ ಕುಲದವರ ದನದ ದೊಡ್ಡಿ ಇದೆ. ಅಲ್ಲಿನ ದನಗಳು ದೇವರಿಗೆ ಬಿಟ್ಟವು. ಅವುಗಳನ್ನು ಉಳುಮೆಗೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ. ಮಂದೆಗೆ ಮುಂದಾಳು ಪಟ್ಟದ ಹೋರಿ. ಸಂಜೆ ಮೇವಿನಿಂದ ಬರುವಾಗ ಅದರ ಮುಂದೆ ಉರುಮಿ ಎಂಬ ಚರ್ಮವಾದ್ಯ ಬಾರಿಸಿಕೊಂಡು ದೊಡ್ಡಿಗೆ ಕರೆತರುವ ಕೆಲಸ ನನ್ನ ಗಂಡನದು. ಆ ಸದ್ದು ಹಿಡಿದು ಹೋರಿ ತಲೆಯಾಡಿಸುತ್ತಾ ಕರುವಿನ ಹಾಗೆ ಹಿಂದೆ ಬರುತ್ತಿತ್ತು.

ನನ್ನ ತಮ್ಮ ಮುತ್ತುಕುಮಾರನ ಮಗ ಮನೋಜ್‌ಕುಮಾರನಿಗೆ 23 ವರ್ಷ. ನನ್ನ ಮಗಳನ್ನು ಅವನಿಗೆ ಕೊಡುವುದೆಂದು ಮಾತಾಗಿತ್ತು. ಕಳೆದ ತಿಂಗಳು ದಿಂಡಿಗಲ್ಲಿನ ಒಂದು ವರ್ಕ್‌ಶಾಪಿನಲ್ಲಿ ತನ್ನ ಬಿಳಿ ಕಾರಿನ ಸೈಲೆನ್ಸರ್ ಡಬ್ಬ ಕತ್ತರಿಸಿ ತೆಗೆಸಿ, ಅಗಲವಾದ ನೇರ ಪೈಪು ಬೆಸುಗೆ ಹಾಕಿಸಿಕೊಂಡು ಬಂದ. ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು. ಆಕ್ಸಿಲೇಟರ್ ಒತ್ತಿ ಬಿಟ್ಟರೆ ಹಿಂದಿನಿಂದ ಬೆಂಕಿ ಚಿಮ್ಮಿ ಪಟಾಕಿಯಂತೆ ಸಿಡಿಯುತ್ತಿತ್ತು. ಬೀದಿಯ ಹೆಂಗಸರು ಬೈದರೆ ನನ್ನ ತಮ್ಮ ಹಲ್ಲು ಕಿರಿಯುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

ದಿನಾಂಕ 09.02.2025ರ ಭಾನುವಾರ ಸಂಜೆ ಸುಮಾರು 5 ಗಂಟೆಗೆ ನಾನು ಗಂಡನಿಗೆ ಕಾಫಿ ತೆಗೆದುಕೊಂಡು ದೊಡ್ಡಿಗೆ ಹೋದೆ. ಬಾಗಿಲಿಂದ ಇಪ್ಪತ್ತು ಅಡಿ ದೂರದಲ್ಲಿ ಮನೋಜ್‌ಕುಮಾರನ ಕಾರು ನಿಂತಿತ್ತು. ಅದರ ಹಿಂಬದಿಯಿಂದ ನನ್ನ ಗಂಡ ಉರುಮಿ ಬಾರಿಸುತ್ತಾ ಹೋರಿಯನ್ನೂ ಮಂದೆಯನ್ನೂ ಕರೆತರುತ್ತಿದ್ದರು. ಮಂದೆ ಬರುವಾಗ ವಾಹನದ ಎಂಜಿನ್ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಅವನು ನಿಲ್ಲಿಸಲಿಲ್ಲ. ಕಾರಿನಲ್ಲೇ ಕೂತು ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೋ ತೆಗೆಯುತ್ತಾ, ಮಾಮಾ, ನನ್ ವಂಡಿ ಉರುಮಿ ತರ ಉರುಮ್ತೈತೆ, ಹೋರಿ ಕುಣೀತೈತೆ ಪಾರು, ನೋಡು ಎಂದು ಕೂಗಿದ. ನನ್ನ ಗಂಡ ಉರುಮಿ ಬಾರಿಸುವುದನ್ನು ನಿಲ್ಲಿಸಿ, ಆಫ್ ಮಾಡ್ಲಾ, ಅದು ತೊಗಲ ಸದ್ದಿಗೆ ಬೆಳೆದ ಜೀವ, ಬೆಂಕಿ ಸದ್ದು ತಾಂಗಾದು, ತಡೆಯಾಕಿಲ್ಲ ಎಂದರು. ಕಾರು ಗುಡುಗುತ್ತಲೇ ಇತ್ತು. ಹೋರಿ ಕಿವಿ ನಿಮಿರಿಸಿ ಆ ಕಡೆಗೆ ನಾಲ್ಕು ಹೆಜ್ಜೆ ಹೋಯಿತು. ಮನೋಜ್‌ಕುಮಾರ ನಕ್ಕ. ನಂತರ ಆಕ್ಸಿಲೇಟರ್ ಒತ್ತಿ ಬಿಟ್ಟ. ಪೈಪು ಅದರ ಮೂತಿಯ ಹತ್ತಿರವೇ ಸಿಡಿಯಿತು.

ಹೋರಿ ಬೆದರಿ ತಿರುಗಿತು. ಮೂಗುದಾರ ಹಿಡಿಯಲು ಹೋದ ನನ್ನ ಗಂಡನ ಎಡ ಪಕ್ಕೆಯ ಕೆಳಗೆ ಕೊಂಬು ಇಳಿಯಿತು. ಎತ್ತಿ ದೊಡ್ಡಿಯ ಗೋಡೆಗೆ ಬಡಿಯಿತು. ಪೈಪು ಎರಡನೆಯ ಬಾರಿ ಸಿಡಿದಾಗ ಹೋರಿ ಮತ್ತೆ ತಿವಿಯಿತು. ಹೊಟ್ಟೆ ಸೀಳಿ ಒಳಗಿನದು ಹೊರಗೆ ಬಂತು. ನಾನು ಸೀರೆಯ ಸೆರಗು ಒತ್ತಿ ಹಿಡಿದೆ. ಕೈ ಬಿಸಿಯಾಯಿತು.

ಕುಲದ ಹಿರಿಯರಾದ ಶಿವಬಾಲನ್ ಅಲ್ಲೇ ಇದ್ದರು. ಪಟ್ಟದ ಹೋರಿ ತಿವಿದರೆ ಅದು ದೇವರು ಕೊಟ್ಟ ಶಿಕ್ಷೆ, ತಿವಿಸಿಕೊಂಡವನು ಹರಕೆ ತಪ್ಪಿದವನು, ಅವನ ಹೆಣ ದೊಡ್ಡಿಯ ಮುಂದೆ ಹಾಯಬಾರದು ಎಂಬುದು ನಮ್ಮ ಕುಲದ ಕಟ್ಟು. ಮೊದಲು ಹೋರಿಯ ಕಾಲನ್ನು ಹಾಲಲ್ಲಿ ತೊಳೆದು ತಪ್ಪು ಕೇಳಬೇಕು. ಇದು ಸಾಮಿ ಕುತ್ತಂ, ದೇವರಿಗಾದ ತಪ್ಪು, ಹಾಲು ಬರೋಗಂಟ ಯಾರೂ ಮುಟ್ಟಬ್ಯಾಡಿ ಎಂದು ಶಿವಬಾಲನ್ ಹೇಳಿದರು. ನಾಲ್ಕು ಜನ ಗಂಡಸರು ಕೈಕಟ್ಟಿ ನಿಂತರು. ನಿಮ್ಮ ಹಾಲಿಗೆ ಮಣ್ಣು ಬೀಳ ಎಂದು ನಾನು ಬೈದೆ. ಗಂಡನ ಕಂಕುಳಿಗೆ ಕೈಹಾಕಿ ಕಾರಿನವರೆಗೆ ನಾನೇ ಎಳೆದೆ. ಬೇರೆ ವಾಹನ ಇರಲಿಲ್ಲ, ಮನೋಜ್‌ಕುಮಾರನೇ ಓಡಿಸಿದ.

ಆಸ್ಪತ್ರೆ ನಾಲ್ಕು ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿ ಏನೋ ಹೇಳಿದರು. ತುಟಿ ಆಡುವುದು ಕಾಣಿಸಿತು. ಪೈಪಿನ ಅಬ್ಬರದಲ್ಲಿ ಮಾತು ಕೇಳಿಸಲಿಲ್ಲ. ಬಾಯಿಗೆ ಕಿವಿ ಇಟ್ಟೆ, ಆಗಲೂ ಕೇಳಿಸಲಿಲ್ಲ. ನಿಲ್ಸ್‌ಲಾ ಎನ್ನಲು ಬಾಯಿ ತೆರೆದೆ. ನಿಲ್ಲಿಸಿದರೆ ಜೀವ ಉಳಿಯುವುದಿಲ್ಲ ಎಂದು ಸುಮ್ಮನಾದೆ. ಆಸ್ಪತ್ರೆಯ ಗೇಟು ದಾಟುವಾಗ ಅವರ ಕೈ ಜಾರಿತು. ವೈದ್ಯರು ನೋಡಿ ಆಗಿಹೋಗಿದೆ ಎಂದರು.

ನಾನು ಹೊರಗೆ ಬಂದು ಕಾರಿನ ಡಿಕ್ಕಿಯಿಂದ ಜಾಕಿಯ ರಾಡು ತೆಗೆದುಕೊಂಡೆ. ಪೈಪಿಗೆ ಹೊಡೆದೆ. ಅದು ನೆಗ್ಗಿತು, ಕಳಚಲಿಲ್ಲ. ಮನೋಜ್‌ಕುಮಾರ ಓಡಿಬಂದು ರಾಡಿಗೆ ಕೈಹಾಕಿ, ಅತ್ತೆ, ಪೈಪು ಏನ್ ಮಾಡ್ತು, ಕುತ್ತಿದ್ದು, ತಿವಿದಿದ್ದು ಹೋರಿ ತಾನೆ ಎಂದ. ನಾನು ಅವನ ಬಲಗೈಗೆ ಹೊಡೆದೆ. ಮೂಳೆ ಮುರಿದದ್ದು ಕೇಳಿಸಿತು. ಕೆಳಗೆ ಬಿದ್ದವನ ಮೊಣಕಾಲಿಗೆ ಇನ್ನೆರಡು ಹೊಡೆದೆ. ಕಾವಲುಗಾರ ಬಂದು ಹಿಡಿದುಕೊಂಡ. ಹಿಡಿಯದಿದ್ದರೆ ತಲೆಗೆ ಹೊಡೆಯುತ್ತಿದ್ದೆ.

ಇಂದು ಬೆಳಿಗ್ಗೆ ತಮ್ಮ ಮುತ್ತುಕುಮಾರ ಮನೆಗೆ ಬಂದ. ಅಕ್ಕಾ, ಹೋರಿ ತಾನಾಗಿ ಕುತ್ತಿತು ಅಂತ ಹೇಳು, ಹೋರಿನ ಯಾರು ಜೈಲಿಗೆ ಹಾಕ್ತಾರೆ, ನನ್ನ ಮಗ ಮೆಟ್ಟಿಲಿಂದ ಬಿದ್ದ ಅಂತ ನಾವು ಹೇಳ್ತೀವಿ, ನೀನೂ ಉಳೀತೀಯ, ಅವನೂ ಉಳೀತಾನೆ ಎಂದು ಕಾಲು ಹಿಡಿದ. ಒಡಹುಟ್ಟಿದವನು. ಅವನು ಅಳುವುದನ್ನು ನೋಡಿ ನನಗೂ ಅಳು ಬಂತು. ಎದ್ದು ನೇರವಾಗಿ ಠಾಣೆಗೆ ಬಂದೆ.

ಮನೋಜ್‌ಕುಮಾರನ ಫೋನಿನಲ್ಲಿ ಅವನೇ ತೆಗೆದ ವಿಡಿಯೋ ಇದೆ, ಅದನ್ನು ವಶಕ್ಕೆ ತೆಗೆದುಕೊಳ್ಳಬೇಕು. ನಾನು ಹೊಡೆದದ್ದು ಕೈತಪ್ಪಿ ಬಿದ್ದ ಏಟಲ್ಲ, ಬೇಕೆಂದೇ ಹೊಡೆದದ್ದು, ಅದನ್ನೂ ಬರೆದುಕೊಳ್ಳಬೇಕು. ಹೋರಿಯ ತಪ್ಪೆಂದು ಬರೆದರೆ ನನ್ನ ಗಂಡ ಹರಕೆ ತಪ್ಪಿದವರಾಗಿ, ದೊಡ್ಡಿ ತಪ್ಪಿಸಿ ಹಿಂದಿನ ದಾರಿಯಲ್ಲಿ ಸುಡುಗಾಡಿಗೆ ಹೋಗುತ್ತಾರೆ. ನನ್ನನ್ನು ಜೈಲಿಗೆ ಕಳಿಸಿ. ಅವರ ಹೆಣ ದೊಡ್ಡಿಯ ಮುಂದೆಯೇ ಹೋಗಲಿ.

ಮನೆಮಾತಿನಲ್ಲಿ ನಾನು ಹೇಳಿದ್ದನ್ನು ಬರೆದು ಓದಿ ಹೇಳಿದ್ದಾರೆ. ಎಲ್ಲವೂ ನಡೆದದ್ದೇ, ತಿದ್ದುವುದು ಏನೂ ಇಲ್ಲ.

ಸ್ಥಳ: ಕಂಬಂ
ದಿನಾಂಕ: 10.02.2025
(ಸಹಿ) ಪಿ. ತಿಲಗವತಿ