ಮಾವನ ಆಂಪಿನ ಎರಡನೇ ಟೇಕ್

ಲೈಟು ಹಾಕುವುದೇನೂ ಬೇಡ, ಹಾಗೇ ಕೂತು ಕೇಳಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಅವನನ್ನು ಎಲ್ಲರೂ ತಂತಿ ಅಂತಲೇ ಕರೆಯುವುದು. ಗಿಟಾರ್ ನುಡಿಸುತ್ತಾನೆ, ಆಳೂ ತಂತಿಯ ಹಾಗೇ ಇದ್ದಾನೆ. ದೆವ್ವ ಗಿವ್ವ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು.

ಅವತ್ತು ಹೋಟೆಲೊಂದರ ಮಹಡಿಯಲ್ಲಿ ನುಡಿಸಿ ಮುಗಿಸಿ, ನಡೆದುಕೊಂಡು ಮನೆಗೆ ಬರುತ್ತಿದ್ದ. ಹನ್ನೆರಡೂವರೆ ಇರಬಹುದು. ಬೆನ್ನಿಗೆ ಗಿಟಾರ್, ಕೈಯಲ್ಲಿ ಚೀಲ, ಚೀಲದಲ್ಲಿ ಅವನ ಮೆಷಿನ್ನು. ಅವನ ಬೀದಿಯ ಮೂಲೆಯಲ್ಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಅಲ್ಲಿಗೆ ಬಂದಾಗ...

ಟಕ್... ಟಕ್ ಟಕ್.

ತಂತಿ ನಿಂತ. ಜಾಲರಿಯ ಕಡೆ ನೋಡಿದ. ಏನೂ ಇಲ್ಲ. ಚೀಲದಲ್ಲಿ ಏನೋ ಸಡಿಲವಾಗಿ ಬಡಿಯುತ್ತಿರಬೇಕು ಅಂದುಕೊಂಡ. ಆದರೆ ಅವನು ನಿಂತಿದ್ದಾನೆ, ಚೀಲ ಅಲುಗುತ್ತಿಲ್ಲ.

ಟಕ್... ಟಕ್ ಟಕ್.

ಮರದ ಹಿಡಿಯಿಂದ ಮರದ ಹಲಗೆಗೆ ತಟ್ಟಿದ ಸದ್ದು. ಚೀಲದೊಳಗಿಂದಲೇ. ಮೆಷಿನ್ನಿನಲ್ಲಿ ಮರವೂ ಇಲ್ಲ, ಬ್ಯಾಟರಿಯೂ ಇಲ್ಲ. ಉಳಿದ ದಾರಿಯನ್ನು ಓಡಿಕೊಂಡೇ ಬಂದ.

ಈ ಮೆಷಿನ್ನಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕತೆಯ ತಲೆಬುಡ ಅರ್ಥವಾಗುವುದಿಲ್ಲ. ಗಿಟಾರಿನ ಸದ್ದು ಕಿವಿಗೆ ಹಿತವಾಗಿ, ತುಂಬಿಕೊಂಡು ಬರಬೇಕಾದರೆ ಒಳ್ಳೆಯ ಆಂಪ್ ಬೇಕು, ಸದ್ದು ಹಿಗ್ಗಿಸುವ ಪೆಟ್ಟಿಗೆ ಅದು. ಹಳೇ ವಾಲ್ವ್ ಆಂಪುಗಳು ಹೊರಲಾರದಷ್ಟು ಭಾರ. ಅದಕ್ಕೇ ಈಗ ಆಂಪಿನ ಮುಂದೆ ಮೈಕ್ ಇಟ್ಟು, ಮೆಷಿನ್ನಿನಿಂದ ಅದಕ್ಕೆ ಕಿರ್ರ್, ಗುಂಯ್, ಹುಸ್ಸ್ ಅಂತ ನಾನಾ ಸದ್ದು ಕಳಿಸಿ, ಅದು ಆಚೆ ಹೇಗೆ ಬರುತ್ತದೆ ಅಂತ ಅಳೆದು ಇಟ್ಟುಕೊಳ್ಳುತ್ತಾರೆ. ಆಮೇಲೆ ಆಂಪ್ ಇಲ್ಲದೆಯೇ ಮೆಷಿನ್ನು ಅದೇ ಸದ್ದು ಕೊಡುತ್ತದೆ. ಈ ಅಳತೆಗೆ ಪ್ರೊಫೈಲ್ ಅನ್ನುತ್ತಾರೆ. ದರ್ಜಿ ಬರೆದಿಟ್ಟುಕೊಂಡ ಅಳತೆ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಅಳತೆ ಇರುತ್ತದೆ, ಆಳು ಇರುವುದಿಲ್ಲ.

ತಂತಿಯ ಹತ್ತಿರ ಯಾರ್ಯಾರೋ ಮಾಡಿದ ಇಂಥ ಪ್ರೊಫೈಲುಗಳು ಐನೂರರ ಮೇಲಿದ್ದವು. ಒಂದನ್ನು ಹಾಕುವುದು, ಸದ್ದಿನ ಬಲ ಹೆಚ್ಚಿಸುವ ಗೇನ್ ಇಳಿಸುವುದು, ಟ್ರೆಬಲ್ ಏರಿಸುವುದು, ಮುಖ ಸಿಂಡರಿಸಿ ಇನ್ನೊಂದು ಹಾಕುವುದು. ತಟ್ಟೆಯಲ್ಲಿ ಊಟ ಆರಿ ತಣ್ಣಗಾದರೂ ಪರಿವೆ ಇಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಸದ್ದು, ಅವನ ಸೋದರಮಾವನ ಆಂಪಿನದ್ದು.

ಮಾವ ರೇಡಿಯೋ, ಆಂಪ್ ರಿಪೇರಿ ಮಾಡುವವರು. ಮನೆಯ ಮುಂದಿನ ಎರಡು ಕೋಣೆಗಳೇ ಅಂಗಡಿ. ತಾವೇ ಕೈಯಾರೆ ಕಟ್ಟಿದ ಆಂಪ್ ಒಂದಿತ್ತು, ಅದನ್ನು ಮುಟ್ಟಲೂ ಯಾರಿಗೂ ಬಿಡುತ್ತಿರಲಿಲ್ಲ. ತಂತಿ ಆರು ತಿಂಗಳು ಕಾಡಿ ಬೇಡಿ ಒಪ್ಪಿಸಿದ.

"ಕೈಯಲ್ಲಿ ಇಲ್ಲದ್ದು ಡಬ್ಬಿಯಿಂದ ಬರುತ್ತೇನೋ?" ಅಂತ ಮಾವ ರೇಗಿಸಿದರು.

"ಈ ಕಲ್ಲುಗುಂಡು ಹೊತ್ತು ಸೊಂಟ ಬಿದ್ದುಹೋದ್ಮೇಲೆ ಕೈ ಇಟ್ಕೊಂಡು ಏನ್ ಮಾಡ್ಲಿ ಮಾವ?"

ಆ ಮಧ್ಯಾಹ್ನ ಅತ್ತೆ ಹೊರಗೆ ಹೋಗಿದ್ದರು. ತಂತಿ ಮೈಕ್ ಸರಿಮಾಡಿ, ಸದ್ದು ಜೋರೆಂದು ಕಿವಿಗಳಿಗೆ ದಪ್ಪ ಮುಚ್ಚಳ ಹಾಕಿಕೊಂಡ. ಮಾವ ಪಕ್ಕದ ಕೋಣೆಯಲ್ಲಿ ತಮ್ಮ ಕೆಲಸದ ಬೆಂಚಿನ ಮುಂದೆ ಕೂತರು.

"ಮಾವ, ಒಂದೂವರೆ ನಿಮಿಷ ಮಾತಾಡ್ಬೇಡಿ. ಮೈಕು ಎಲ್ಲಾ ಹಿಡ್ಕೊಳ್ಳುತ್ತೆ."

"ಆಯ್ತಪ್ಪಾ, ಬಾಯಿಗೆ ಬೀಗ."

ಮೊದಲ ಟೇಕ್, ಅಂದರೆ ಮೊದಲ ಸಲ ತೆಗೆದ ಅಳತೆ, ಸಪ್ಪೆ ಅನ್ನಿಸಿತು. ಎರಡನೆಯದರಲ್ಲಿ ಬಾಸ್, ಆ ಗುಂಯ್ ಅನ್ನುವ ದಪ್ಪ ಸದ್ದು, ಜಾಸ್ತಿ. ಮೈಕನ್ನು ಅರ್ಧ ಇಂಚು ಆಚೆ, ಕಾಲು ಇಂಚು ಈಚೆ ಸರಿಸುತ್ತಾ ಹತ್ತು ನಿಮಿಷ ಕಳೆದ. ಕಿವಿಯ ಮುಚ್ಚಳ ತೆಗೆಯಲಿಲ್ಲ. ಮೂರನೆಯದು ಬಂತು ನೋಡಿ... ಅವನು ಕನಸಿನಲ್ಲಿ ಕೇಳಿದ್ದ ಸದ್ದೇ ಅದು. ಮತ್ತೆ ಎರಡು ಸಲ ನುಡಿಸಿ ನೋಡಿ, ಮುಚ್ಚಳ ಕಿತ್ತು, "ಸಿಕ್ತು ಮಾವ" ಅನ್ನುತ್ತಾ ಪಕ್ಕದ ಕೋಣೆಗೆ ಹೋದ.

ಮಾವ ಬೆಂಚಿನ ಮೇಲೆ ತಲೆಯಿಟ್ಟಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ತಲೆಕೆಳಗಾಗಿ ಹಿಡಿದದ್ದು ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, "ಹಾರ್ಟ್ ಅಟ್ಯಾಕು, ಹೋಗ್ಬಿಟ್ಟಿದ್ದಾರೆ. ಒಂದು ಹತ್ತು ನಿಮಿಷ ಮುಂಚೆ ತಂದಿದ್ರೆ..." ಅಂದರು. ಅತ್ತೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ತಂತಿ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಮೂರು ಟೇಕ್ ಮಾಡಿದ್ದು, ಮಾತಾಡಬೇಡಿ ಅಂದದ್ದು, ಕಿವಿ ಮುಚ್ಚಿಕೊಂಡದ್ದು, ಎಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡ. ನಾಲ್ಕು ತಿಂಗಳು ಆ ಮೂರನೇ ಟೇಕಿನಲ್ಲೇ ನುಡಿಸಿದ. ಹೋದಲ್ಲೆಲ್ಲ ಜನ ಬಂದು ಕೈ ಕುಲುಕುತ್ತಿದ್ದರು. ಒಬ್ಬೊಬ್ಬರು ಹೊಗಳಿದಾಗಲೂ ಅವನು ತಲೆ ಬಗ್ಗಿಸಿ ವೈರು ಸುತ್ತುತ್ತಿದ್ದ.

ಬಾವಿಯ ಹತ್ತಿರದಿಂದ ಓಡಿಬಂದನಲ್ಲ, ಆ ರಾತ್ರಿ ಚಿಲಕ ಹಾಕಿ ಮೆಷಿನ್ನಿಗೆ ಕರೆಂಟು ಕೊಟ್ಟ. ಹೆಡ್‌ಫೋನ್ ಹಾಕಿಕೊಂಡ. ಮೂರನೇ ಟೇಕ್ ಸರಿಯಾಗಿತ್ತು. ಮೊದಲನೆಯದೂ ಸರಿ. ಎರಡನೆಯದನ್ನು ಆ ದಿನದಿಂದ ಒಮ್ಮೆಯೂ ತೆರೆದಿರಲಿಲ್ಲ. ತೆರೆದ. ಗಿಟಾರ್ ಮೀಟಿಯೇ ಇಲ್ಲ ಇನ್ನೂ...

ಟಕ್... ಟಕ್ ಟಕ್.

ಮಾವ ಸ್ಕ್ರೂಡ್ರೈವರಿನ ಹಿಡಿಯಿಂದ ಬೆಂಚಿಗೆ ಹೀಗೆ ತಟ್ಟುವುದನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಸುಮ್ಮನೆ ಅಭ್ಯಾಸಬಲ ಅಂದುಕೊಂಡಿದ್ದ.

ಗೇನ್ ಸೊನ್ನೆಗೆ ಇಳಿಸಿದ. ಟಕ್... ಟಕ್ ಟಕ್. ಬೇಡದ ಸದ್ದು ತಡೆಯುವ ಗೇಟನ್ನು ಪೂರ್ತಿ ಬಿಗಿ ಮಾಡಿದ. ಆಂಪಿನ ಮೊರೆತವೆಲ್ಲ ಹೋಗಿ, ತಟ್ಟುವುದು ಇನ್ನಷ್ಟು ಸ್ಪಷ್ಟವಾಯಿತು. ಬಾಸ್ ಕಳೆದ, ಟ್ರೆಬಲ್ ಕಳೆದ. ಕೊನೆಗೆ ಗಿಟಾರಿನ ವೈರನ್ನೇ ಕಿತ್ತ. ಟಕ್... ಟಕ್ ಟಕ್. ಅಳತೆ ಚೀಟಿಯಲ್ಲಿ ಆಳು ಇರಬಾರದು ತಾನೇ? ಆ ಟೇಕನ್ನೇ ಅಳಿಸಿಬಿಡಬಹುದಿತ್ತು. ಬೆರಳು ಬಟನ್ನಿನವರೆಗೆ ಹೋಗುತ್ತಿತ್ತು, ಒತ್ತಲು ಬರುತ್ತಿರಲಿಲ್ಲ.

"ಬಂದೆ ಮಾವ," ಅಂದ ಪಿಸುದನಿಯಲ್ಲಿ. "ಇಲ್ಲೇ ಇದೀನಿ."

ಕೇಳಿಸಿದ ಹಾಗೆ ಕಾಣಲಿಲ್ಲ. ಎಂಟು ರಾತ್ರಿ ಹೀಗೇ ಆಯಿತು. ಒಂಬತ್ತನೆಯ ದಿನ ಮೆಷಿನ್ನು ಎತ್ತಿಕೊಂಡು ಅತ್ತೆಯ ಮನೆಗೆ ಹೋದ.

ತಂತಿ ಎರಡನೇ ಟೇಕ್ ಹಾಕಿಕೊಟ್ಟ. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕೂತರು.

"ಇದು ನನ್ನ ಕರೆಯೋದು," ಅಂದರು ಮೆಲ್ಲಗೆ. "ಬಾಯಲ್ಲಿ ಯಾವಾಗ್ಲೂ ಸ್ಕ್ರೂ ಕಚ್ಕೊಂಡಿರೋರು, ಮಾತಾಡಕ್ಕಾಗ್ತಿರಲಿಲ್ಲ. ಹಿಂಗೆ ತಟ್ಟೋರು. ನಾನು ಅಡುಗೆಮನೆಯಿಂದ ಎರಡು ಸಲ ತಟ್ತಿದ್ದೆ, ಬಂದೆ ಅಂತ... ಇದು ಯಾವತ್ತಿಂದು?"

"ಅವತ್ತಿಂದೇ ಅತ್ತೆ."

"ನೀನೆಲ್ಲಿದ್ದೆ?"

"ಪಕ್ಕದ ಕೋಣೇಲಿ. ಹತ್ತು ಹೆಜ್ಜೆ... ಮಾತಾಡ್ಬೇಡಿ ಅಂತ ನಾನೇ ಹೇಳಿದ್ದೆ. ಕಿವಿ ಮುಚ್ಕೊಂಡಿದ್ದೆ."

ಅತ್ತೆ ಬೈಯಲಿಲ್ಲ. ಬೈದಿದ್ದರೆ, ಎರಡೇಟು ಹಾಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೆರಳು ಮಡಚಿ ಮೇಜಿಗೆ ಎರಡು ಸಲ ತಟ್ಟಿದರು. ಟಕ್ ಟಕ್. ಸ್ವಲ್ಪ ಹೊತ್ತು ಕಾದರು. ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟರು.

"ನಿಂತ್ಹೋಯ್ತು ನೋಡು. ಹೊತ್ತಾಯ್ತು, ಇನ್ನು ನೀನು ಹೊರಡು."

ನಿಂತೇಹೋಗಿತ್ತು. ಎಂಟು ರಾತ್ರಿ ಅದನ್ನು ನಿಲ್ಲಿಸಲು ಒದ್ದಾಡಿದವನು ಈಗ ಮನೆಗೆ ಬಂದು, ಅದು ಬರಲಿ ಅಂತ ಗೇನ್ ತುದಿಗೇರಿಸಿ ಕೂತ. ಬರೀ ಹುಸ್ಸ್ ಅನ್ನುತ್ತಿತ್ತು. ಗಂಟಲು ಕಟ್ಟುವವರೆಗೆ ತಪ್ಪಾಯಿತು ಅಂದ. ಬೆರಳ ಗೆಣ್ಣು ಊದುವವರೆಗೆ ಮೇಜು ತಟ್ಟಿದ. ಮಾವ ಕರೆದದ್ದು ಅತ್ತೆಯನ್ನು, ಅವರು ಉತ್ತರ ಕೊಟ್ಟಾಗಿತ್ತು. ಇವನ ಉತ್ತರ ಯಾರಿಗೂ ಬೇಕಿರಲಿಲ್ಲ.

ಆಗಲೇ ಅವನಿಗೆ ಹೊಳೆದದ್ದು. ಎರಡನೆಯದರಲ್ಲಿ ಕರೆಯುತ್ತಿದ್ದರು ಅಂದಮೇಲೆ... ಮೂರನೆಯದರಲ್ಲಿ?

ಮೂರನೇ ಟೇಕ್ ಹಾಕಿದ. ಗಿಟಾರಿನ ವೈರು ಕಿತ್ತ, ದೀಪ ಆರಿಸಿದ. ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಮೆಷಿನ್ನಿನ ಮುಂದೆ ಒಂದು ಸಣ್ಣ ಹಸಿರು ದೀಪವಿದೆ, ಒಳಗೆ ಸದ್ದು ಬಂದರೆ ಬೆಳಗುತ್ತದೆ. ಅದು ನಿಧಾನವಾಗಿ ಏರಿತು... ಇಳಿಯಿತು. ಮತ್ತೆ ಏರಿತು... ಇಳಿಯಿತು.

ರಾತ್ರಿ ಎರಡೂವರೆಗೆ ನನ್ನ ಬಾಗಿಲು ಬಡಿದ. ನಾನು ಆಕಳಿಸುತ್ತಾ, ಅವನನ್ನು ಗೇಲಿ ಮಾಡುತ್ತಾ ಅವನ ಮನೆಗೆ ಹೋದೆ. ಕತ್ತಲೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತೆವು. ದೀಪ ಏರುತ್ತದೆ, ಇಳಿಯುತ್ತದೆ. ಒಂದು ಹೊತ್ತಿಗೆ ನಿಂತುಬಿಡುತ್ತದೆ. ಅವನು ಸ್ವಿಚ್ ಆರಿಸಿ ಮತ್ತೆ ಹಾಕಿದ. ಮೊದಲಿನಿಂದ ಶುರು. ಮತ್ತೆ ಅಲ್ಲಿಗೇ ನಿಂತಿತು.

"ಮೂರನೇದ್ರಲ್ಲೂ ಉಸಿರಾಡ್ತಿದ್ರು ಕಣೋ," ಅಂದ. "ಆಮೇಲೆ ನಾನು ಇನ್ನೂ ಎರಡು ಸಲ ನುಡಿಸ್ದೆ. ಟೋನ್ ಚೆನ್ನಾಗಿ ಬಂತು ಅಂತ."

ಪ್ಲಗ್ ಕೀಳಲು ಹೋದೆ, ಕೈ ಹಿಡಿದುಕೊಂಡ. ಬೆಳಗಾಗುವವರೆಗೆ ಆರಿಸುತ್ತಾ ಹಾಕುತ್ತಾ ಇದ್ದ. ಈಗಲೂ ದಿನಾ ರಾತ್ರಿ ಅದನ್ನೇ ಮಾಡುತ್ತಾನೆ. ಗಿಟಾರ್ ಮುಟ್ಟುವುದಿಲ್ಲ.

ದೀಪ ಕೆಟ್ಟಿರಬೇಕು ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡು ಬಿಚ್ಚಿಸಿ ತೋರಿಸಿದ್ದೇನೆ, ಏನೂ ಕೆಟ್ಟಿಲ್ಲ. ಸುಳ್ಳು ಅನ್ನಿಸಿದರೆ ಅವನ ಮನೆ ದೂರವಿಲ್ಲ, ಹೋಗಿ ನೋಡಿ. ಎಣಿಸಿದ್ದು ನಾನೇ, ಆರು ಸಲ ಎಣಿಸಿದೆ. ಪ್ರತಿ ಸಲವೂ ಹತ್ತೊಂಬತ್ತು. ಹದಿನೆಂಟನೆಯದು ಉದ್ದ. ಹತ್ತೊಂಬತ್ತನೆಯದು ಅರ್ಧ.