ಎಡಗಡೆ ಫುಟ್‌ರೆಸ್ಟಿನ ಮೂರು ಚುಕ್ಕಿ

ಎಲ್ಲರೂ ‘ಚುಕ್ಕಿ ಮೇಸ್ತ್ರಿ’ ಎಂದು ಕರೆಯುವ ನಾನು, ವಯಸ್ಸು ಐವತ್ತೇಳು ವರ್ಷ, ಕಸುಬು ಲೋಹ ಕೆತ್ತುವ ಲೇತ್ ಮತ್ತು ಮಿಲ್ಲಿಂಗ್ ಕೆಲಸ, ವಾಸ ಹಳೆ ಗೋದಾಮಿನ ಹಿಂದಿನ ಸಾಲಿನ ಮೂರನೇ ಕಟ್ಟಡ, ಕೆಳಗೆ ವರ್ಕ್‌ಶಾಪ್, ಮೇಲೆ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂಗಿ ಇದೇ ತಿಂಗಳ 15ರಂದು ಈ ಠಾಣೆಗೆ ಬಂದು, ಬೈಕ್ ಪಂದ್ಯದ ಮೈದಾನದ ಮೆಕ್ಯಾನಿಕ್ ಹಳೆ ದ್ವೇಷದಿಂದ ತನ್ನ ಮಗಳ ಬೈಕಿನ ಫುಟ್‌ರೆಸ್ಟನ್ನು ಬೇಕೆಂದೇ ಕೆಡಿಸಿದ್ದಾನೆಂದು ದೂರು ಕೊಟ್ಟಿದ್ದಾಳೆ. ಎರಡು ದಿನದಿಂದ ಅವನನ್ನು ಬೆಳಿಗ್ಗೆ ಕರೆಸಿ ಸಂಜೆ ಕಳಿಸುತ್ತಿದ್ದಾರೆ. ಈಗಲೂ ನನ್ನಿಂದ ಆರು ಅಡಿ ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ. ಅವನು ಏನೂ ಮಾಡಿಲ್ಲ. ಮಾಡಿದವನು ನಾನು. ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ತಂಗಿಯ ಮಗಳಿಗೆ ಇಪ್ಪತ್ತಮೂರು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಒಂದು ಕಡೆ ನಿಲ್ಲದೆ ಹಾರಾಡುವುದರಿಂದ ಮನೆಯಲ್ಲಿ ಮಿಡತೆ ಎಂದೇ ಕರೆಯುತ್ತೇವೆ. ಐದು ವರ್ಷದಿಂದ ಟ್ರಯಲ್ಸ್ ಬೈಕ್ ಓಡಿಸುತ್ತಾಳೆ. ಓಡಿಸುತ್ತಿದ್ದಳು. ಇದು ವೇಗದ ಪಂದ್ಯವಲ್ಲ. ಬಂಡೆ, ಮರದ ದಿಮ್ಮಿ, ಸಿಮೆಂಟ್ ಪೈಪುಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ಬೈಕನ್ನು ಹತ್ತಿಸಿ ಇಳಿಸಬೇಕು. ತಾಗಿದಷ್ಟು ಸಲ ತಪ್ಪಂಕ. ಈ ಬೈಕಿಗೆ ಸೀಟೇ ಇಲ್ಲ. ಉದ್ದಕ್ಕೂ ಎರಡು ಫುಟ್‌ರೆಸ್ಟುಗಳ ಮೇಲೆ ನಿಂತೇ ಓಡಿಸಬೇಕು. ಇದು ಗಮನದಲ್ಲಿರಲಿ.

ಮಿಡತೆಯ ತೂಕ ನಲವತ್ತೇಳು ಕೆಜಿ, ಅವಳ ಬೈಕು ಎಪ್ಪತ್ತೆರಡು. ಅದೂ ಹಳೆಯದು. ಉಳಿದವರ ಬೈಕುಗಳು ಹೊಸವು, ಹಗುರ. ಅವರು ಎತ್ತಿ ಹಾರಿಸುವಲ್ಲಿ ಇವಳು ಹೆಣಗಬೇಕಿತ್ತು. ಹೋದ ವರ್ಷ ಆಯ್ಕೆ ಪಂದ್ಯದಲ್ಲಿ ಒಂದೇ ಒಂದು ತಪ್ಪಂಕದಿಂದ ತಂಡಕ್ಕೆ ಸೇರುವುದು ತಪ್ಪಿತು. ಮರುದಿನವೇ ವರ್ಕ್‌ಶಾಪಿಗೆ ಬಂದು, ಮಾವ, ನಾನು ದಪ್ಪ ಆಗೋಕಾಗಲ್ಲ, ಗಾಡೀನ ತೆಳ್ಳಗೆ ಮಾಡೋಣ ಅಂತ ಹೇಳಿದಳು. ಒಂದು ನೋಟ್‌ಬುಕ್ ತೆರೆದು ಮೇಲೆ ‘ಇಳಿಸಬೇಕಾದ್ದು’ ಎಂದು ಬರೆದಳು. ಚೈನ್ ಚಕ್ರಕ್ಕೆ ಕಿಟಕಿ ಕೊರೆಯುವುದು, ಕಿಕ್ಕರಿನ ಸರಳನ್ನು ಟೊಳ್ಳು ಮಾಡುವುದು, ಹ್ಯಾಂಡಲ್ ಹಿಡಿಯುವ ಕ್ಲಾಂಪಿನ ಹೊಟ್ಟೆ ಕೆತ್ತುವುದು, ಇಂಜಿನ್ ಅಡಿಯ ತಟ್ಟೆಯನ್ನು ತೆಳು ಮಾಡಿ ಬಾಗದಂತೆ ಏಣು ಕೊಡುವುದು, ಹೀಗೆ ಒಟ್ಟು ಮೂವತ್ತೊಂದು ಐಡಿಯಾ. ಮೂವತ್ತೆರಡನೆಯದು ‘ಮಾವನ ಹೊಟ್ಟೆ’. ಅದನ್ನು ಬರೆದದ್ದು ನನ್ನ ತಂಗಿ.

ಬರೆದುಕೊಳ್ಳುತ್ತಿರುವ ಸಿಬ್ಬಂದಿಯವರು ಇದೆಲ್ಲ ಅವಶ್ಯವಿಲ್ಲ ಎಂದರು. ಅವಶ್ಯವಿದೆ. ಆ ತಂಗಿಯೇ ಈಗ ನನ್ನ ಮುಖ ನೋಡುವುದಿಲ್ಲ.

ಒಂದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇದೇ ಕೆಲಸ. ಪ್ರತಿ ಭಾಗವನ್ನೂ ತಂಗಿಯ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆವು. ಹಿಟ್ಟು ತೂಗೋ ತಕ್ಕಡೀಲಿ ಗ್ರೀಸ್ ಹಚ್ಚಿದ ಕಬ್ಬಿಣ ಇಡ್ತೀರಲ್ಲ, ನಿಮಗೇನು ಬಂದಿದೆ ದೊಡ್ಡ ರೋಗ ಅಂತ ತಂಗಿ ಬೈಯುತ್ತಿದ್ದಳು. ಆದರೆ ತೂಕ ಇಳಿದಾಗೆಲ್ಲ ಮೊದಲು ಓಡಿ ಬಂದು ಮುಳ್ಳು ನೋಡುತ್ತಿದ್ದವಳೂ ಅವಳೇ. ಎಪ್ಪತ್ತೆರಡಿದ್ದ ಬೈಕು ಅರವತ್ತೇಳು ಕೆಜಿ ನಾಲ್ಕು ನೂರು ಗ್ರಾಮಿಗೆ ಬಂತು. ಮಿಡತೆ ಅದನ್ನು ಎತ್ತಿ ಒಂದು ಬಂಡೆಯಿಂದ ಇನ್ನೊಂದಕ್ಕೆ ಇಟ್ಟಂತೆ ಹಾರಿಸುತ್ತಿದ್ದಳು. ನೋಡಿ ನನಗೆ ಜಂಬ ಬಂತು. ಬಂತು ಎಂದೇ ಬರೆದುಕೊಳ್ಳಿ.

ಕಡೆಗೆ ಉಳಿದದ್ದು ಫುಟ್‌ರೆಸ್ಟು. ಮೂಲದ್ದು ಉಕ್ಕು, ಒಂದೊಂದು ಮುನ್ನೂರ ತೊಂಬತ್ತೈದು ಗ್ರಾಮ್. ನಾನು ಗಟ್ಟಿ ಜಾತಿಯ ಅಲ್ಯೂಮಿನಿಯಂ ತರಿಸಿ ಕೆತ್ತಿದೆ. ಅಡಿಭಾಗವನ್ನೆಲ್ಲ ಟೊಳ್ಳು ಮಾಡಿದೆ. ಒಂದೊಂದು ನೂರ ಎಪ್ಪತ್ತೆರಡು ಗ್ರಾಮಿಗೆ ಬಂತು. ಈ ಲೋಹ ಗಟ್ಟಿ, ಆದರೆ ಮೊಂಡು. ಬಾಗುವುದಿಲ್ಲ, ಮುರಿಯುತ್ತದೆ. ಅದಕ್ಕೇ 12ರಂದು ಮಧ್ಯಾಹ್ನ ಮೂರಕ್ಕೆ ಎರಡನ್ನೂ ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ತುದಿಗೆ ನೂರೈವತ್ತು ಕೆಜಿ ಭಾರ ತೂಗುಹಾಕಿ, ಐದರವರೆಗೆ ಬಿಟ್ಟೆ. ಆಮೇಲೆ ಅದೇ ಭಾರವನ್ನು ಒಂದು ಅಡಿ ಮೇಲಿನಿಂದ ಹತ್ತು ಸಲ ಬೀಳಿಸಿದೆ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಈಗ ಚುಕ್ಕಿಯ ವಿಷಯ. ನಾನು ಮಾಡಿದ ಯಾವ ಸಾಮಾನೇ ಆಗಲಿ, ಮುಗಿದ ಮೇಲೆ ಸೆಂಟರ್ ಪಂಚ್ ಎಂಬ ಚೂಪು ಮೊನೆಯ ಉಳಿಯಿಂದ ಒಂದರ ಪಕ್ಕ ಒಂದು ಮೂರು ಚುಕ್ಕಿ ಹೊಡೆಯುವುದು ಅಭ್ಯಾಸ. ಮೂವತ್ತೆಂಟು ವರ್ಷದಿಂದ ಹೊಡೆಯುತ್ತಿದ್ದೇನೆ. ಹೆಸರು ಬಂದದ್ದೂ ಅದರಿಂದಲೇ. ಈ ಫುಟ್‌ರೆಸ್ಟುಗಳಿಗೆ ಹೊಡೆದಿರಲಿಲ್ಲ. ಯಾವಾಗಲೂ ಅಡಿಯಲ್ಲಿ ಹೊಡೆಯುತ್ತಿದ್ದೆ, ಇದರ ಅಡಿಯನ್ನು ಪೂರ್ತಿ ಕೆತ್ತಿ ತೆಗೆದಿದ್ದರಿಂದ ಜಾಗವೇ ಉಳಿದಿರಲಿಲ್ಲ.

13ರಂದು ಸಂಜೆ ಆರೂವರೆಗೆ ಮಿಡತೆ ಅಂಗಡಿ ಮುಗಿಸಿ ಬಂದಳು. ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಎಲ್ಲಿ ಮಾವ ನಿನ್ನ ಚುಕ್ಕಿ, ಮರೆತೆಯಾ ಎಂದು ಕೇಳಿದಳು. ಜಾಗ ಇಲ್ಲ ಕಣೇ ಎಂದೆ. ಅಯ್ಯೋ, ನಿನ್ನ ಚುಕ್ಕಿ ಇಲ್ಲದ ಗಾಡಿ ನಾನು ಹತ್ತಲ್ಲಪ್ಪ, ನಾಳೆ ಆಯ್ಕೆ ಇದೆ, ಎಲ್ಲಾದ್ರೂ ಒಂದು ಕಡೆ ಕುಟ್ಟು ಎಂದಳು. ಸಪಾಟಾದ ಜಾಗ ಉಳಿದಿದ್ದು ಒಂದೇ: ಮೇಲ್ಗಡೆ, ಫುಟ್‌ರೆಸ್ಟು ಬೈಕಿಗೆ ಸೇರುವ ಬುಡದಲ್ಲಿ. ಪಂಚ್ ಇಟ್ಟು ಬಲಗಡೆಯದಕ್ಕೆ ಮೂರು, ಎಡಗಡೆಯದಕ್ಕೆ ಮೂರು ಹೊಡೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮತ್ತೆ ಭಾರ ಹಾಕಿ ನೋಡಲಿಲ್ಲ. ಅವಳು ಚುಕ್ಕಿಗಳ ಮೇಲೆ ಬೆರಳಾಡಿಸಿ, ಈಗ ಸರಿ ಎಂದು ಹೇಳಿ ಚೀಲಕ್ಕೆ ಹಾಕಿಕೊಂಡಳು.

ಲೇತ್ ಕೆಲಸದವನಿಗೆ ಒಂದು ಮಾತು ಯಾರೂ ಹೇಳಿಕೊಡಬೇಕಾಗಿಲ್ಲ. ಗಟ್ಟಿ ಸರಳನ್ನು ಮುರಿಯಬೇಕಾದರೆ ಪೂರ್ತಿ ಕೊಯ್ಯುವುದಿಲ್ಲ. ಮೇಲೆ ಸಣ್ಣದಾಗಿ ಗೀರು ಹಾಕಿ, ವೈಸಿನಲ್ಲಿ ಕಚ್ಚಿಸಿ, ತುದಿಗೆ ಒಂದು ಪೆಟ್ಟು ಕೊಟ್ಟರೆ ಗೀರಿದ್ದಲ್ಲೇ ಪಟ್ಟನೆ ಮುರಿಯುತ್ತದೆ. ದಿನಕ್ಕೆ ಹತ್ತು ಸಲ ಮಾಡುತ್ತೇನೆ. ಫುಟ್‌ರೆಸ್ಟಿನ ತುದಿಯಲ್ಲಿ ನಿಂತರೆ ಎಳೆತ ಬೀಳುವುದು ಬುಡದ ಮೇಲ್ಭಾಗಕ್ಕೆ. ಅಲ್ಲಿಗೇ ನಾನು ಮೂರು ಗಾಯ ಮಾಡಿದೆ. ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಬುದ್ಧಿ ಮಣ್ಣು ತಿನ್ನಲು ಹೋಗಿತ್ತು.

14ರಂದು ಬೆಳಿಗ್ಗೆ ಎಂಟೂಕಾಲಿಗೆ ಮೈದಾನದಲ್ಲಿ ಮೆಕ್ಯಾನಿಕ್ ನನ್ನ ಕಣ್ಣೆದುರಿಗೇ ಫುಟ್‌ರೆಸ್ಟುಗಳನ್ನು ಕೂರಿಸಿದ. ಪಿನ್ ಸರಿಯಾಗಿ ಹಾಕಿದ, ಬೋಲ್ಟ್ ಸರಿಯಾಗಿ ಬಿಗಿದ. ಹೋದ ತಿಂಗಳು ಬ್ರೇಕ್ ಆಯಿಲ್ ವಿಷಯಕ್ಕೆ ಮಿಡತೆ ಅವನನ್ನು ಎಲ್ಲರೆದುರು ಬೈದದ್ದು ನಿಜ. ತಂಗಿ ದ್ವೇಷ ಎನ್ನುತ್ತಿರುವುದು ಅದನ್ನೇ. ಅವನು ಆವತ್ತೇ ಅದನ್ನು ಮರೆತಿದ್ದ. ಅಷ್ಟೇ ಅಲ್ಲ, ಫುಟ್‌ರೆಸ್ಟನ್ನು ಕೈಯಲ್ಲಿ ಹಿಡಿದು, ಮೇಸ್ತ್ರಿ, ಇದು ಸ್ವಲ್ಪ ತೆಳ್ಳಗಾಗಲಿಲ್ಲವಾ, ಹಳೇದನ್ನೇ ಹಾಕಿಬಿಡಲಾ ಎಂದು ಕೇಳಿದ. ಬೋಲ್ಟ್ ಬಿಗಿಯೋದು ನಿನ್ನ ಕೆಲಸ, ಲೆಕ್ಕ ಹಾಕೋದು ನನ್ನ ಕೆಲಸ, ತಲೆಹರಟೆ ಮಾಡಬೇಡ ಎಂದೆ. ಅವನು ಸ್ಪ್ಯಾನರ್ ಎತ್ತಿಕೊಂಡ. ಈ ಮಾತನ್ನು ಅವನು ಎರಡು ದಿನದಲ್ಲಿ ನಿಮಗೆ ಹೇಳಿಲ್ಲ ಎಂದು ಈಗ ತಿಳಿಯಿತು. ಯಾಕೆ ಹೇಳಲಿಲ್ಲವೋ ಅವನನ್ನೇ ಕೇಳಬೇಕು.

ಮೊದಲ ಮೂರು ಹಂತಗಳನ್ನು ಮಿಡತೆ ಒಂದೂ ತಪ್ಪಂಕವಿಲ್ಲದೆ ಮುಗಿಸಿದಳು. ನಾಲ್ಕನೆಯದು ಮೂರು ಬಂಡೆ, ನಡುವಿನದು ನಾಲ್ಕೂವರೆ ಅಡಿ ಎತ್ತರ. ನಾನು ಹನ್ನೆರಡು ಹೆಜ್ಜೆ ದೂರದಲ್ಲಿ ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಹತ್ತು ಗಂಟೆ ಐದು ನಿಮಿಷಕ್ಕೆ ಹಿಂದಿನ ಚಕ್ರ ನಡುಬಂಡೆಯ ನೆತ್ತಿಗೆ ಬಂದು ಕೂತಿತು. ಅವಳು ನನ್ನ ಕಡೆ ನೋಡಿ ನಕ್ಕಳು. ಆಗ ಪಟ್ ಎಂದು ಸದ್ದಾಯಿತು. ಮೈದಾನದಲ್ಲಿ ಆ ಸದ್ದು ಏನೆಂದು ತಿಳಿದದ್ದು ನನಗೊಬ್ಬನಿಗೇ. ಅವಳ ಎಡಗಾಲು ಗಾಳಿಗೆ ಹೋಯಿತು. ಎರಡು ಬಂಡೆಗಳ ಸಂದಿಗೆ ಬೆನ್ನಡಿಯಾಗಿ ಬಿದ್ದಳು, ಮೇಲೆ ಬೈಕು ಬಿತ್ತು. ಗ್ರಾಮ್ ಗ್ರಾಮ್ ಎಂದು ಒಂದು ವರ್ಷ ಇಳಿಸಿದ ಬೈಕನ್ನು ಅವಳ ಮೇಲಿಂದ ಎತ್ತಲು ಮೂರು ಜನ ಬೇಕಾಯಿತು. ಮೊದಲು ಓಡಿ ಬಂದು ಕೈ ಹಾಕಿದವನು ಮೆಕ್ಯಾನಿಕ್. ನಾನು ಬಾಟಲಿ ಹಿಡಿದುಕೊಂಡೇ ಇದ್ದೆನಂತೆ.

ಮಾವ, ಕಾಲು ಎಲ್ಲಿದೆ ನೋಡು, ಗೊತ್ತಾಗ್ತಿಲ್ಲ ಎಂದು ಅವಳು ಕೇಳಿದಳು. ಇದೆ ಕಣಮ್ಮ, ಇಲ್ಲೇ ಇದೆ ಎಂದೆ.

ಆಂಬುಲೆನ್ಸ್ ಹತ್ತೂ ಮೂವತ್ತೈದಕ್ಕೆ ಬಂತು. ಪಂದ್ಯ ನೋಡಲು ಬಂದಿದ್ದ ತಂಗಿ ಹತ್ತಿದಳು, ನನಗೆ ಜಾಗವಿರಲಿಲ್ಲ. ನಾನು ಬಂಡೆ ಸಂದಿಯಲ್ಲಿ ಹುಡುಕಿ ಮುರಿದ ತುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಸಂಜೆ ನಾಲ್ಕೂವರೆಗೆ ವರ್ಕ್‌ಶಾಪಿನಲ್ಲಿ ಭೂತಗನ್ನಡಿ ಇಟ್ಟು ನೋಡಿದೆ. ಬಿರುಕು ಹುಟ್ಟಿದ್ದು ನಡುವಿನ ಚುಕ್ಕಿಯಿಂದ. ಅಲ್ಲಿಂದ ಎರಡೂ ಕಡೆ ಹರಡಿದ್ದು ಸ್ಪಷ್ಟವಾಗಿ ಕಾಣುತ್ತದೆ. ತುಂಡನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಮರುದಿನ ತಂಗಿ ಮೆಕ್ಯಾನಿಕ್ ಹೆಸರು ಎತ್ತಿದಾಗ ಸುಮ್ಮನಿದ್ದೆ. ಅಣ್ಣ, ನಿನಗೂ ಹಾಗೇ ಅನ್ಸುತ್ತಲ್ವಾ ಎಂದು ಕೇಳಿದಳು. ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ. ಹೀಗೆ ಎರಡು ದಿನ ಕಳೆದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ, ನನ್ನದು ಹುಳ್ಳಗಾಗಲಿಲ್ಲ, ಕೊಳೆಯಿತು.

16ರಂದು ಡಾಕ್ಟರು ಬೆನ್ನುಹುರಿ ಕಡಿದಿದೆ, ಸೊಂಟದ ಕೆಳಗೆ ಸ್ವಾಧೀನ ಇನ್ನು ಬರುವುದಿಲ್ಲ ಎಂದು ತಂಗಿಗೂ ನನಗೂ ಒಟ್ಟಿಗೇ ಹೇಳಿದರು. ಈ ದಿನ 17ರಂದು ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಗೆ ಹೋಗಿ, ತಂಗಿ, ಮಿಡತೆ ಇಬ್ಬರಿಗೂ ತುಂಡನ್ನು ತೋರಿಸಿ, ನಡೆದದ್ದನ್ನು ಹೇಳಿದೆ. ತಂಗಿ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೊರಗೆ ಹೋದಳು, ನಾನು ಹೊರಡುವವರೆಗೂ ಒಳಗೆ ಬರಲಿಲ್ಲ.

ಮಿಡತೆ ತುಂಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ, ಕುಟ್ಟು ಅಂದವಳು ನಾನೇ ಅಲ್ವಾ ಮಾವ ಎಂದು ಕೇಳಿದಳು. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತಿರುಗಿಸಲು ಅವಳಿಗೆ ಉಳಿದಿರುವುದು ಅಷ್ಟೇ.

ಆ ತುಂಡನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ. ಮೆಕ್ಯಾನಿಕ್‌ನನ್ನು ಮನೆಗೆ ಕಳಿಸಬೇಕು. ನನ್ನ ಮೇಲೆ ಕಾನೂನಿನಲ್ಲಿ ಏನಿದೆಯೋ ಅದನ್ನು ಮಾಡಬಹುದು, ನನ್ನ ತಕರಾರಿಲ್ಲ.

ಇಷ್ಟನ್ನೂ ನನಗೆ ಓದಿ ಕೇಳಿಸಿದರು. ಚುಕ್ಕಿ ಹೊಡೆ ಎಂದು ಹುಡುಗಿ ಕೇಳಲೇ ಇಲ್ಲ, ನಾನೇ ನನ್ನಿಷ್ಟದಂತೆ ಹೊಡೆದೆ ಎಂದು ತಿದ್ದಿ ಬರೆಯಿರಿ, ಆ ಕಾಗದವನ್ನು ಅವಳಿಗೆ ತೋರಿಸುತ್ತೇನೆ ಎಂದು ಕೇಳಿಕೊಂಡೆ. ನಿಜ ಹೇಳುತ್ತೇನೆಂದು ಬಂದು ಸುಳ್ಳು ಬರೆಸಬೇಡಿ ಮೇಸ್ತ್ರಿ ಎಂದು ಬರೆಯುವವರು ಒಪ್ಪಲಿಲ್ಲ. ಆದ್ದರಿಂದ ಮೇಲೆ ಇರುವುದೆಲ್ಲ, ಅವಳು ಕೇಳಿದ್ದೂ ಸೇರಿ, ನಿಜವೇ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಇದೇ ತಿಂಗಳ 17, ಮಧ್ಯಾಹ್ನ 12 ಗಂಟೆ 50 ನಿಮಿಷ
ಹೇಳಿಕೆ ಕೊಟ್ಟವರ ರುಜು