ಹೊಗೆಗೂಡಿನವನ ಚೀಟಿ

ಬವೇರಿಯಾದ ಆ ಪುಟ್ಟ ಊರಲ್ಲಿ ಅಕ್ಟೋಬರ್ ಚಳಿ ಶುರುವಾಗಿತ್ತು. ಬಸ್ಸಿಗೆ ಕಾಯುತ್ತಿದ್ದ ಟೀಚರ್ ಇರ್ಮ್‌ಟ್ರೌಟ್, ಹಿಂದಿನ ಬೆಂಚಿನ ಇಬ್ಬರು ಗೆಳತಿಯರ ಮಾತು ಕಿವಿಗೆ ಬೀಳುತ್ತಲೇ ಪೇಪರ್ ಮಡಚಿದಳು.

“ಒಲೆ, ಹೊಗೆಗೂಡು ತಪಾಸಣೆಗೆ ಗುರುವಾರ ಬರ್ತಾನಂತೆ. ಬಾಗಿಲಿಗೆ ಚೀಟಿ ಅಂಟಿಸಿದ್ದಾನೆ.”

“ಯಾರು, ನಿನ್ನ ಗಂಡನೇ?”

“ಗಂಡ ಆಗಿದ್ದವನು. ಡೈವೋರ್ಸ್ ಆಗಿ ಆರು ವರ್ಷ ಆಯ್ತಲ್ಲೇ.”

“ಬಾಗಿಲು ತೆಗೀಬೇಡ, ಹೆಡ್ವಿಗ್.”

“ತೆಗೀದಿದ್ರೆ ಪೊಲೀಸರನ್ನ ಕರ್ಕೊಂಡು ಬರ್ತಾನೆ. ಹೊಗೆಗೂಡು ತಪಾಸಣೆ ಕಡ್ಡಾಯ, ಕಾನೂನು ಅವನ ಕಡೆಗಿದೆ.”

“ಬೇರೆ ಮನೆ ನೋಡ್ಕೊ.”

“ಇದು ಮೂರನೇದು. ಎಲ್ಲಿಗೆ ಹೋದ್ರೂ ಇಡೀ ಊರಿಗೆ ಹೊಗೆಗೂಡು ನೋಡೋನು ಅವನೊಬ್ಬನೇ. ಹೋದ ವರ್ಷ ಮಲಗೋ ಕೋಣೇಲೂ ಇಣುಕಿದ. ಹೊಗೆ ಸೋರುತ್ತಾ ನೋಡ್ಬೇಕಂತೆ!”

ಬಸ್ಸು ಬಂತು. ಗೆಳತಿ ನಗುತ್ತ ಎದ್ದಳು.

“ಹೋಗ್ಲಿ ಬಿಡೇ. ಹೊಗೆಗೂಡಿನವನನ್ನ ಮುಟ್ಟಿದ್ರೆ ಅದೃಷ್ಟ ಅಂತಾರಲ್ಲ, ಒಂದ್ಸಲ ಮುಟ್ಬಿಡು.”

ಹೆಡ್ವಿಗ್ ಬಸ್ಸು ಹತ್ತುತ್ತಲೇ ಅಂದಳು:

“ಹದಿನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದೆ ಕಣೇ.”